ಕೆಂಪು ಔಷಧಿ, ಎರಡು ಜೊತೆ ಗ್ಲೌಸು

ಆಸ್ಪತ್ರೆಯ ಮೂರನೇ ಮಹಡಿಯ ಕೀಮೋ ವಾರ್ಡಿನಲ್ಲಿ ಶೌಚಾಲಯ ತೊಳೆಯುವ ಹೆಂಗಸಿಗೆ ಎಲ್ಲರೂ ‘ಥೂ ಚಿಕ್ಕಮ್ಮ’ ಎನ್ನುತ್ತಿದ್ದರು. ಹದಿನಾಲ್ಕು ವರ್ಷಗಳಲ್ಲಿ ಅವಳು ಒಂದು ಬಾಗಿಲನ್ನೂ ಥೂ ಎನ್ನದೆ ತೆರೆದವಳಲ್ಲ. ಹೇಸಿಗೆ ಪಡದವರು ಚೊಕ್ಕಟ ಮಾಡಲಾರರು ಎಂಬುದು ಅವಳ ಗಟ್ಟಿ ನಂಬಿಕೆ. ಬೇಸಿನ್ನಿನ ಅಂಚಿಗಂಟಿದ ಕಫ, ಕಮೋಡಿನ ಸುತ್ತ ಒಣಗಿದ ಜಿಡ್ಡು, ಫಿನಾಯಿಲಿಗೂ ಬಗ್ಗದ ಹುಳಿ ವಾಸನೆ, ಎಲ್ಲಕ್ಕೂ ಅವಳ ಮೂಗು ಮೊದಲ ದಿನದಷ್ಟೇ ಸಿಂಡರಿಸುತ್ತಿತ್ತು.

ಅಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ. ಸೂಜಿ ರಕ್ತನಾಳದೊಳಗೇ ಇದೆಯೇ ಎಂದು ಮತ್ತೆ ಮತ್ತೆ ನೋಡುತ್ತ ಸಿಸ್ಟರ್ ಅದನ್ನು ನಿಧಾನವಾಗಿ ಏರಿಸುತ್ತಿದ್ದರು. ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆತು ಹುಣ್ಣಾಗುತ್ತದೆ. ಚಿಕ್ಕಮ್ಮನಿಗೆ ಪಾಠ ಹೇಳಿದವರೂ ಅವರೇ.

“ಬೇಗ ಬೇಗ ಎರಡಾಗೋ ಜೀವಕೋಶ ಇರುತ್ತಲ್ಲ ಚಿಕ್ಕಮ್ಮ, ಈ ಔಷಧಿ ಅದರೊಳಗಿನ ಡಿಎನ್‌ಎ ಎಳೆಗಳ ಮಧ್ಯೆ ಹೋಗಿ ಸಿಕ್ಕಿಕೊಳ್ಳುತ್ತೆ. ಕ್ಯಾನ್ಸರ್ ಗಡ್ಡೆ ಬೆಳೆಯೋಕೆ ಆಗಲ್ಲ. ಆದ್ರೆ ಕೂದಲ ಬುಡ, ಬಾಯೊಳಗಿನ ಪದರ, ಅವೂ ಹಾಗೇ ಬೆಳೆಯೋದು. ಅವಕ್ಕೂ ಏಟು.”

“ಕಳ್ಳನ್ನ ಹಿಡಿಯೋಕೆ ಬಂದು ಬೀದಿಯೋರಿಗೆಲ್ಲ ಬಾರಿಸಿದ ಹಾಗೆ.”

“ಹೂಂ. ಹೃದಯಕ್ಕೂ ಬಾರಿಸುತ್ತೆ. ಅದಕ್ಕೇ ಒಬ್ಬರಿಗೆ ಜನ್ಮಕ್ಕೆ ಇಷ್ಟೇ ಅಂತ ಮಿತಿ ಇಟ್ಟಿದಾರೆ.”

ಒಳಗೆ ಹೋದ ಔಷಧಿ ಒಂದೆರಡು ದಿನ ಮೂತ್ರ, ವಾಂತಿಗಳಲ್ಲಿ ಹೊರಬರುತ್ತದೆ, ಮೂತ್ರವಂತೂ ಕೆಂಪಾಗಿಯೇ. ಆದ್ದರಿಂದ ಚಿಕ್ಕಮ್ಮ ಪ್ರತಿ ಸಲ ಎರಡು ಜೊತೆ ಗ್ಲೌಸು ತೊಟ್ಟು, ಮುಚ್ಚಳ ಮುಚ್ಚಿ ಎರಡು ಬಾರಿ ಫ್ಲಶ್ ಮಾಡಿ, ಗ್ಲೌಸು ಬಿಸಾಡಿ ಕೈ ತೊಳೆಯುತ್ತಿದ್ದಳು. ಅದೇ ಕೈಯಿಂದ ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳಿಗೆ ತುತ್ತಿಡಬೇಕಿತ್ತು.

ಆಗ ಬಂದರು ಹೊಸ ಆಡಳಿತಾಧಿಕಾರಿ. ತಾವು ಸೀನಿದರೂ ಅದು ಲಿಖಿತವಾಗಿರಬೇಕು ಎನ್ನುವವರ ಪೈಕಿ. ತಿಂಗಳೊಳಗೆ ‘ಸುತ್ತೋಲೆ ಸಾಹೇಬರು’ ಎಂಬ ಹೆಸರು ಬಿತ್ತು. ಅವರ ಎಂಟನೇ ಸುತ್ತೋಲೆಯ ಪ್ರಕಾರ ಶೌಚಾಲಯದವರಿಗೆ ದಿನಕ್ಕೆ ಒಂದೇ ಜೊತೆ ಗ್ಲೌಸು. ಹೆಚ್ಚು ಬೇಕಾದರೆ ಸಾಹೇಬರ ಸಹಿ.

ಮಧ್ಯಾಹ್ನದ ಹೊತ್ತಿಗೆ ಗ್ಲೌಸಿನ ಮೂರು ಬೆರಳು ಹರಿದವು. ಚಿಕ್ಕಮ್ಮ ಬ್ರಷ್ ಕೆಳಗಿಟ್ಟು, ಬಕೆಟ್ಟು ಬೋರಲು ಹಾಕಿ ಕೂತಳು. ಸುದ್ದಿ ಮುಟ್ಟಿ ಸಾಹೇಬರೇ ಮೇಲೆ ಬಂದರು.

“ಔಷಧಿ ಅಂದ್ಮೇಲೆ ಒಳ್ಳೇದೇ ಅಲ್ವೇನಮ್ಮಾ? ಅವರು ಮೈಯೊಳಗೇ ಹಾಕ್ಕೋತಾರೆ, ನೀನು ಮುಟ್ಟೋಕೆ ಹೆದರ್ತೀಯಲ್ಲ?”

“ಅವರಿಗೆ ಕಾಯಿಲೆ ಇದೆ ಸಾರ್. ನಂಗಿಲ್ಲ. ನನ್ನ ಮೊಮ್ಮಗಳಿಗೂ ಇಲ್ಲ.”

“ಹಾಗಾದ್ರೆ ನಾಳೆಯಿಂದ ಬರಬೇಡ. ನಿನ್ನ ಜಾಗಕ್ಕೆ ಹತ್ತು ಜನ ಕಾಯ್ತಿದಾರೆ.”

“ಕರೀರಿ ಸಾರ್. ಹತ್ತು ಜನಕ್ಕೂ ಸೇರಿ ಒಂದೇ ಜೊತೇನಾ?”

ಸಾಹೇಬರು ಉತ್ತರಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಡ್ರಿಪ್ ಕಂಬ ದೂಡಿಕೊಂಡು ಬಸ್ ಡ್ರೈವರೊಬ್ಬರು ಶೌಚಾಲಯದತ್ತ ಧಾವಿಸಿ ಬಂದರು. ಬಾಗಿಲಿಗೆ ಸಾಹೇಬರೇ ಅಡ್ಡ. ಬೆಳಗಿನ ತಿಂಡಿ, ಅರೆ ಜೀರ್ಣವಾಗಿ ನೊರೆನೊರೆಯಾಗಿ, ಸಾಹೇಬರ ಬೂಟಿನ ಮೇಲೆ ಇಳಿಯಿತು.

“ತಪ್ಪಾಯ್ತು ಸಾರ್, ಬ್ರೇಕ್ ಹಿಡೀಲಿಲ್ಲ,” ಎಂದರು ಡ್ರೈವರು.

ಸಾಹೇಬರು ಬಗ್ಗಿ ಕೈ ಚಾಚಿದರು.

“ಮುಟ್ಟಬೇಡಿ,” ಎಂದರು ಸಿಸ್ಟರ್. “ಬೆಳಿಗ್ಗೆ ಇವರಿಗೆ ಕೆಂಪು ಔಷಧಿ ಕೊಟ್ಟಿದೆ.”

ಚಾಚಿದ ಕೈ ಬೆಂಕಿ ತಗುಲಿದಂತೆ ಹಿಂದಕ್ಕೆ ಬಂತು. “ಗ್ಲೌಸ್ ಕೊಡಮ್ಮಾ.”

ಚಿಕ್ಕಮ್ಮ ಹರಿದ ಮೂರು ಬೆರಳು ತೋರಿಸಿದಳು. “ಸ್ಟೋರಿನಲ್ಲಿದೆ. ನಿಮ್ಮ ಸಹಿ ಬೇಕಂತೆ.”

ಸಿಸ್ಟರ್ ಕಾಗದ ತಂದರು. ವಾಸನೆ ಮೊಣಕಾಲು ದಾಟಿ ಮೂಗಿನವರೆಗೆ ಏರುತ್ತಿರಲು, ಆಡಳಿತವು ಉಸಿರು ಬಿಗಿಹಿಡಿದು ‘ಎರಡು ಜೊತೆ’ ಎಂದು ಬರೆಯಿತು.

“ಪ್ರತಿ ಸಲ ಅಂತ ಸೇರಿಸಿ ಸಾರ್.”

“ಇವತ್ತಿಗೆ ಇಷ್ಟು ಸಾಕು.”

“ಹಾಗಾದ್ರೆ ನಾಳೆ ಬರೋಳು ಒರೆಸ್ತಾಳೆ. ಅಲ್ಲೀತನಕ ನಿಂತಿರಿ.”

ಸಾಹೇಬರು ಸೇರಿಸಿದರು.

ಗ್ಲೌಸು ಬಂತು. ಚಿಕ್ಕಮ್ಮ ಡ್ರೈವರಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು ಕೂರಿಸಿದಳು, ನೆಲ ಒರೆಸಿದಳು, ಕೊನೆಗೆ ಬೂಟು ಬಿಚ್ಚಿಸಿ ಸುಡುವ ಕಸದ ಹಳದಿ ಚೀಲಕ್ಕೆ ಹಾಕಿದಳು. “ಹೊಸದು ಕಣಮ್ಮ ಅದು,” ಎಂದರು ಸಾಹೇಬರು, ಬರಿಗಾಲಲ್ಲಿ.

ಮರುದಿನ ಚಿಕ್ಕಮ್ಮ ಎಂದಿನಂತೆ ಕೆಲಸಕ್ಕೆ ಬಂದಳು, ಯಾರೂ ತಡೆಯಲಿಲ್ಲ. ಒಂಬತ್ತನೇ ಸುತ್ತೋಲೆಯೂ ಬಂತು, ಸಿಸ್ಟರ್ ಓದಿ ಹೇಳಿದರು. ಒಂದು: ಆಡಳಿತದ ದೂರದೃಷ್ಟಿಯ ಫಲವಾಗಿ ಶೌಚಾಲಯದವರಿಗೆ ಪ್ರತಿ ಸಲವೂ ಎರಡು ಜೊತೆ ಗ್ಲೌಸು. ಎರಡು: ರೋಗಿಗಳು ಅಧಿಕಾರಿಗಳಿಂದ ಮೂರು ಅಡಿ ಆಚೆ ವಾಂತಿ ಮಾಡತಕ್ಕದ್ದು. ಎರಡನೆಯದಕ್ಕೆ ಇಡೀ ವಾರ್ಡು ನಕ್ಕಿತು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಮೊದಲನೆಯದನ್ನೇ ಇನ್ನೊಮ್ಮೆ ಓದಿ ಎಂದು ಸಿಸ್ಟರನ್ನು ಕೇಳಿದಳು.