ಇಂಟರ್‌ವಲ್ ಆದ ಮೇಲಿನ ಸಿನಿಮಾ

ಎರಡು ವರ್ಷದ ಹಿಂದೆ ನಾನು ಮೈಸೂರಿನಲ್ಲಿ ಸಿನಿಮಾ ಕೋರ್ಸಿನ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಪಾಸಾಗಬೇಕಾದರೆ ಹತ್ತು ನಿಮಿಷದ ಚಿತ್ರವೊಂದನ್ನು ಮಾಡಿ ಒಪ್ಪಿಸಬೇಕಿತ್ತು. ಲಷ್ಕರ್ ಮೊಹಲ್ಲಾದಲ್ಲಿ ಹೂ ಮಾರುವ ಜಯಮ್ಮನವರ ಬಗ್ಗೆ ಮಾಡುತ್ತೇನೆಂದು ಮೇಷ್ಟ್ರ ಮುಂದೆ ಜಂಬದಿಂದ ಹೇಳಿಬಿಟ್ಟಿದ್ದೆ. ಜಯಮ್ಮ ಮಾತ್ರ ಮೂರು ವಾರ ಸತಾಯಿಸಿದರು. "ನನ್ನನ್ಯಾಕವ್ವ ತೆಗೀತೀಯ, ಚೆನ್ನಾಗಿರೋರ್ ಯಾರೂ ಸಿಗ್ಲಿಲ್ವಾ?" ಎನ್ನುತ್ತಿದ್ದರು. ಇನ್ನೆರಡೇ ದಿನ ಉಳಿದಾಗ ನನ್ನ ಸಪ್ಪೆ ಮುಖ ನೋಡಲಾರದೆ ಒಪ್ಪಿಕೊಂಡರು.

ಅವರು ಕೂರುವುದು ತಗಡಿನ ಟ್ರಂಕ್ ಮಾಡುವ ಅಂಗಡಿಯ ಮುಂದೆ. ಸುತ್ತಿಗೆ ಸದ್ದು ನಿಂತರೆ ತಾನೇ ಮಾತು ಕೇಳಿಸುವುದು. ಅಂಗಡಿಯ ಸಾಹೇಬರನ್ನು ಹೆದರುತ್ತಲೇ ಕೇಳಿದೆ. "ಹತ್ ನಿಮಿಷ ಸುತ್ತಿಗೆ ಕೆಳಗಿಟ್ರೆ ಟ್ರಂಕ್ ಎಲ್ಲೂ ಓಡೋಗಲ್ಲಮ್ಮ, ತೆಗೀರಿ" ಎಂದರು. ತಾವೇ ಬೀದಿಗಿಳಿದು, ಹಾರ್ನ್ ಹೊಡೀಬೇಡಿ ಎಂದು ಸ್ಕೂಟರಿನವರಿಗೆಲ್ಲ ಕೈಮುಗಿಯತೊಡಗಿದರು.

ನಾನು ಕ್ಯಾಮೆರಾದ ಬಟನ್ ಒತ್ತಿದೆ. ಜಯಮ್ಮ ಹೂ ಕಟ್ಟುತ್ತಾ ಮಾತಾಡಿದರು. ಅವರ ಗಂಡ ಟಾಕೀಸೊಂದರಲ್ಲಿ ಗೇಟ್ ಕಾಯುತ್ತಿದ್ದರಂತೆ. ಜಯಮ್ಮ ಹೊರಗೆ ಹೂ ಮಾರಿ ಮುಗಿಸುವ ಹೊತ್ತಿಗೆ ಇಂಟರ್‌ವಲ್ ಆಗಿರುತ್ತಿತ್ತು. ಆಮೇಲೆ ಗಂಡ ಒಳಗೆ ಬಿಡುತ್ತಿದ್ದರು. ಹಾಗಾಗಿ ಅವರು ನೋಡಿದ್ದೆಲ್ಲ ಅರ್ಧ ಸಿನಿಮಾಗಳೇ. ಮೊದಲರ್ಧದ ಕಥೆಯನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಹೇಳುತ್ತಿದ್ದರು.

"ಅವ್ರು ಹೋದ್ಮೇಲೆ ಟಾಕೀಸ್ ಕಡೆ ತಲೆ ಹಾಕಿಲ್ಲ ಕಣವ್ವ. ಮೊದ್ಲು ಏನಾಯ್ತು ಅಂತ ಹೇಳೋರ್ ಯಾರು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೋಗಾದಿಯ ನನ್ನ ರೂಮಿಗೆ ಬಂದು ನೋಡಿದರೆ ಆ ಮಾತುಗಳೇ ಇಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕುವಾಗಲೇ ಬಟನ್ ಒತ್ತಿ ಮರೆತಿದ್ದೆ. ಅವರು ಮಾತು ಶುರು ಮಾಡಿದಾಗ ನಾನು ಒತ್ತಿದ್ದಕ್ಕೆ ಅದು ನಿಂತಿತ್ತು, ಮುಗಿಸಿದಾಗ ಒತ್ತಿದ್ದಕ್ಕೆ ಮತ್ತೆ ಓಡಿತ್ತು. ರೆಕಾರ್ಡ್ ಆಗುತ್ತಿದೆಯೆಂದು ತೋರಿಸುವ ಕೆಂಪು ಚುಕ್ಕೆ ಬಿಸಿಲಿನಲ್ಲಿ ಪರದೆಯ ಮೇಲೆ ಕಂಡಿರಲಿಲ್ಲ. ಮೂರು ವರ್ಷ ಓದಿ ಕಲಿತದ್ದು ಇಷ್ಟೇನಾ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಹೋಗಿ ತಪ್ಪೊಪ್ಪಿಕೊಂಡೆ. ಸಾಹೇಬರು ಮತ್ತೆ ಸುತ್ತಿಗೆ ಕೆಳಗಿಡಲು ತಯಾರಿದ್ದರು. ಜಯಮ್ಮನೇ ಬೇಡವೆಂದು ತಲೆಯಾಡಿಸಿದರು. "ಅತ್ತು ಹೇಳಿದ್ದನ್ನ ಇನ್ನೊಂದ್ ಸಲ ಹೇಳಿದ್ರೆ ನಾಟಕ ಆಗ್ಬುಡ್ತದೆ. ಏನ್ ಸಿಕ್ಕೈತೋ ಅದನ್ನೇ ತೋರ್ಸು. ತಿಂಡಿ ತಿಂದ್ಯಾ?" ಎಂದು ಒಂದು ಮೊಳ ಮಲ್ಲಿಗೆ ಕೈಗಿಟ್ಟರು. ಒಂದು ಬಿರುಸು ಮಾತೂ ಆಡಲಿಲ್ಲ.

ಸಿಕ್ಕಿದ್ದನ್ನೇ ಜೋಡಿಸಿದೆ. ಮೊದಲು, ಕೈಮುಗಿಯುವ ಸಾಹೇಬರು, ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದ ಕೆಲಸಗಾರರು, "ತಲೆ ಸರಿಯಾಗೈತಾ?" ಎಂದು ಕೂದಲು ನೇವರಿಸಿಕೊಳ್ಳುತ್ತಾ ನನ್ನನ್ನು ಕೇಳುವ ಜಯಮ್ಮ. ಕೊನೆಗೆ, ಬಟನ್ ಒತ್ತಿ ಹತ್ತಿರ ಹೋದ ನನಗೆ, "ನೀನ್ಯಾಕ್ ಅಳ್ತೀಯ, ಸುಮ್ನಿರು" ಎಂದು ತಮ್ಮ ಸೆರಗಿನಿಂದಲೇ ನನ್ನ ಕಣ್ಣೊರೆಸುವ ಜಯಮ್ಮ. ನಡುವಿನ ಕಥೆಯನ್ನು ಕಪ್ಪು ಪರದೆಯ ಮೇಲೆ ನನ್ನ ದನಿಯಲ್ಲೇ ಹೇಳಿದೆ.

ಕಾಲೇಜಿನ ಹಾಲಿನಲ್ಲಿ ಚಿತ್ರ ತೋರಿಸಿದ ದಿನ ಸಾಹೇಬರ ಜೊತೆ ಜಯಮ್ಮ ಅರ್ಧ ಗಂಟೆ ಮೊದಲೇ ಬಂದು ಕೂತಿದ್ದರು. ಮುಗಿದ ಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಮೊದ್ಲಿಂದ ಕೂತು ನೋಡಿದ್ದು ಇದೊಂದೇ ಕಣವ್ವ" ಎಂದರು.

ನಾನು ಪಾಸಾದೆ. ಹಾಳಾದ ನನ್ನ ಚಿತ್ರವನ್ನು ಉಳಿಸಿಕೊಟ್ಟ ಆ ಬೀದಿಯನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ. ಆಗೊಮ್ಮೆ ಈಗೊಮ್ಮೆ ನಾವಿಬ್ಬರೂ ಟಾಕೀಸಿಗೆ ಹೋಗುತ್ತೇವೆ. ಪರದೆಯ ಮೇಲೆ ಸಿನಿಮಾದ ಹೆಸರು ಬೀಳುವ ಮೊದಲೇ ಒಳಗಿರಬೇಕೆಂದು ಜಯಮ್ಮ ಬಾಗಿಲಲ್ಲೇ ನನ್ನನ್ನು ಅವಸರಪಡಿಸುತ್ತಾರೆ.