ಗುರ್ರಣ್ಣನ ಕರಡಿ
ವಸ್ತುಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಹತ್ತಿ ತುಂಬಿ ನಿಲ್ಲಿಸುವವನು ನಮ್ಮ ಗುರ್ರಣ್ಣ. ಹುಲಿಯಾಗಲಿ ನರಿಯಾಗಲಿ, ಮೊದಲು ತಾನೇ ಕನ್ನಡಿಯ ಮುಂದೆ ಹಲ್ಲು ಕಿರಿದು ಗುರ್ರೆಂದು, ಕೆನ್ನೆಯ ಮಡಿಕೆ ನೋಡಿಕೊಂಡೇ ಅದರ ಮುಖ ತಿದ್ದುತ್ತಾನೆ. ಅವನ ಕೈಗೆ ಸಿಕ್ಕರೆ ಮೊಲವೂ ಕಚ್ಚಲು ಬಂದಂತಿರುತ್ತದೆ. “ನೋಡೋಕೆ ಬಂದೋರು ಹೆದರ್ಬೇಕಪ್ಪ!” ಎನ್ನುವುದು ಸಾಹೇಬರ ಅಪ್ಪಣೆ. “ಮನೇಲಾದ್ರೂ ಮುಖ ಸಡಿಲ ಬಿಡ್ರೀ,” ಎಂದು ಹೆಂಡತಿ ಗೋಗರೆಯುತ್ತಾಳೆ. ಪಕ್ಕದ ಮೃಗಾಲಯದ ಮುದಿ ಕರಡಿಗೆ ಹಲ್ಲೇ ಇರಲಿಲ್ಲ. ಇವನ ಅಂಗೈಯಿಂದಲೇ ಹಾಲು ನೆಕ್ಕುತ್ತಿತ್ತು. ಸತ್ತ ಮೇಲೆ ಅದಕ್ಕೂ ಇವನೇ ಕೋರೆಹಲ್ಲು ಕೂರಿಸಿದ. ಈಗ ಮಕ್ಕಳು ಅದನ್ನು ಕಂಡು ಚೀರಿ ಓಡಿದಾಗಲೆಲ್ಲ, “ಹೆದರ್ಬೇಡ್ರೋ, ಪಾಪದ್ದು ಅದು, ಹಾಲು ಕುಡೀತಿತ್ತು,” ಎನ್ನುತ್ತ ಹಿಂದೆಯೇ ಹೋಗುತ್ತಾನೆ. ಮಕ್ಕಳು ತಿರುಗಿ, ಅವನ ಮುಖ ನೋಡಿ, ಇನ್ನೂ ಜೋರಾಗಿ ಓಡುತ್ತಾರೆ.