ಈರಣ್ಣ ಕಾಕಾ ಸಂಶಯಪಡದ ಪುಡಿ

ಈರಣ್ಣ ಕಾಕಾನ ಜುಬ್ಬಾದ ಎಡಗಿಸೆ ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಅವರ ಸ್ವಂತದ್ದೊಂದು ಅರ್ಧ ಕಿಲೋ ತೂಕದ ಕಲ್ಲು. ಸದಾಶಿವ ಪೇಠದಲ್ಲಿ ಯಾವ ತರಕಾರಿ ಗಾಡಿಯ ಮುಂದೆ ನಿಂತರೂ ಮೊದಲು ತಮ್ಮ ಕಲ್ಲನ್ನು ತೂಗಿಸಿ, ಮುಳ್ಳು ನೆಟ್ಟಗೆ ನಿಂತ ಮೇಲೆಯೇ ಬದನೆಕಾಯಿಗೆ ಕೈಹಾಕುವರು. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಮನುಷ್ಯ. ವಿಜಯಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದು, ಹಲವು ಸಂಸಾರಗಳಿರುವ ನಮ್ಮ ಹಳೆಯ ವಾಡೆಯ ಕೆಳಗಿನ ಖೋಲಿಯಲ್ಲಿ ಒಂಟಿಯಾಗಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮೇಲಿನ ಮನೆಯವಳಾದ ನಾನು ಅವರಿಗೆ ಮಗಳಿದ್ದಂತೆ.

ಹಾಲು, ಗಡಿಯಾರ, ಕರೆಂಟಿನ ಮೀಟರು, ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೂ ಭೂತಗನ್ನಡಿ ಹಿಡಿದು ಓದುವರು.

ಮೂರು ವರ್ಷದ ಹಿಂದೆ ಅವರ ಕಾಲು ಬಾತು, ಹೊಟ್ಟೆಯಲ್ಲಿ ನೀರು ತುಂಬಿತು. ದವಾಖಾನೆಗೆ ನಾನೇ ಕರೆದೊಯ್ದೆ. ಲಿವರ್ ಗಟ್ಟಿಯಾಗಿದೆ, ತುಂಬ ದಿನದಿಂದ ಒಳಗೊಳಗೇ ಹಾಳಾಗುತ್ತ ಬಂದಿದೆ ಎಂದು ಡಾಕ್ಟರಮ್ಮ ಹೇಳಿ, ಮರಾಠಿಯಲ್ಲಿ ಕೇಳಿದರು: ಎಷ್ಟು ವರ್ಷದಿಂದ ಕುಡಿಯುತ್ತೀರಿ?

ಕಾಕಾ ಚಹಾ ಕೂಡ ಕುಡಿಯದವರು. ಸಕ್ಕರೆ ಕಾಯಿಲೆಯನ್ನು ಲೆಕ್ಕಿಸದೆ ಬಿಟ್ಟದ್ದರಿಂದ ಲಿವರಿನಲ್ಲಿ ಕೊಬ್ಬು ಸೇರಿ ಹೀಗಾಗಿದೆಯೆಂದು ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ವಾಡೆಯವರೆಲ್ಲ ಅವರನ್ನು ಕಳ್ಳಕುಡುಕ ಮಾಡಿಬಿಟ್ಟಿದ್ದರು. ನಾನೂ ಹೊರತಲ್ಲ. ಒಂದು ಬೆಳಿಗ್ಗೆ ರೊಟ್ಟಿ ಕೊಡುವ ನೆಪದಲ್ಲಿ ಹತ್ತಿರ ಬಾಗಿ ಅವರ ಉಸಿರಿನ ವಾಸನೆ ನೋಡಿದೆ. ಅವರಿಗೆ ಗೊತ್ತಾಗಿಹೋಯಿತು.

"ವಾಸ್ನಿ ನೋಡ್ದಿ ಹೌದಿಲ್ಲೋ ಸುಮಾ? ನೋಡು. ಸಂಶೇ ಬಂದ್ರ ನೋಡ್ಬೇಕು. ನೋಡಿದ ಮ್ಯಾಲ ಬಿಟ್ಬಿಡ್ಬೇಕು" ಎಂದರು. ನನಗೆ ಭೂಮಿಗಿಳಿದು ಹೋದಂತಾಯಿತು.

ಉಪ್ಪು ಕಡಿಮೆ ಮಾಡಬೇಕು, ನೀರಿಳಿಸುವ ಗುಳಿಗೆ ತಪ್ಪಿಸಬಾರದು, ದಿನಾ ತೂಕ ನೋಡಬೇಕು. ತೂಕ ಒಮ್ಮೆಲೇ ಏರಿದರೆ ನೀರು ತುಂಬಿತೆಂದೇ ಅರ್ಥ. ಡಾಕ್ಟರಮ್ಮನ ಈ ಮಾತಿನಲ್ಲಿ ಕೊನೆಯದು ಕಾಕಾನ ಮನಸ್ಸಿಗೆ ಬಂತು. ಹಳೆಯದೊಂದು ತೂಕದ ಕಾಟಾ ತಂದು, ತಾವೇ ಸರಿಮಾಡಿ, ದಿನಾ ಮುಂಜಾನೆ ಅದರ ಮೇಲೆ ನಿಲ್ಲತೊಡಗಿದರು. ನಾಲ್ಕು ತಿಂಗಳಲ್ಲಿ ಹೊಟ್ಟೆ ಇಳಿಯಿತು.

ಆಗ ಊರಿನಿಂದ ಅವರ ಅಕ್ಕ ಗಂಗಕ್ಕ ಬಂದರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು. ಲಿವರಿಗೆ ಒಳ್ಳೆಯದೆಂದು ಊರ ಕಡೆಯ ಯಾರೋ ಕೊಟ್ಟ ಹಸಿರು ಪುಡಿಯನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ಪೊಟ್ಟಣದ ಮೇಲೆ ಒಂದಕ್ಷರವಿರಲಿಲ್ಲ.

"ಇದ್ರಾಗ ಏನೇನ್ ಅದ ಕಾಕಾ?" ಎಂದೆ.

"ಗಿಡದ್ದು. ಎಲಿ ಮ್ಯಾಲೆ ಏನ್ ಸಂಶೇ ಮಾಡ್ತಿ?"

ಭೂತಗನ್ನಡಿಯ ಮನುಷ್ಯ ಹೀಗೆಂದಾಗ ನನಗೆ ಪುಡಿಗಿಂತ ಅವರ ನಂಬಿಕೆಯ ಮೇಲೆಯೇ ಅನುಮಾನ ಬಂತು. ದಿನಾ ಪುಡಿ ತಿಂದು ಒಂದೂವರೆ ತಿಂಗಳಲ್ಲಿ ಅವರ ಕಣ್ಣು ಅರಿಸಿನ ಬಣ್ಣವಾದವು. ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರಮ್ಮ ಕೇಳಿದರೆ "ಕಾಹೀ ನಾಹೀ", ಏನೂ ಇಲ್ಲ, ಎಂದುಬಿಟ್ಟರು. ಅವರಿಗೆ ಹೇಳದೆ ತಂದಿದ್ದ ಪೊಟ್ಟಣವನ್ನು ನಾನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. "ಎಲೆಯಾಗಲಿ ಗುಳಿಗೆಯಾಗಲಿ, ಅರಗಿಸಬೇಕಾದದ್ದು ಲಿವರೇ. ಗಿಡದ ಔಷಧಿ ಎಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಇದರಲ್ಲಿ ಏನಿದೆ ಎಂಬುದೇ ಗೊತ್ತಿಲ್ಲ, ನಿಮ್ಮ ಲಿವರಿಗೆ ತಾಳುವ ಶಕ್ತಿ ಇಲ್ಲ. ಬಾಯಿಗೆ ಹಾಕುವ ಮೊದಲು ನನ್ನನ್ನು ಕೇಳಿ" ಎಂದರು.

ಅಂದಿನಿಂದ ಕಾಕಾ ಪುಡಿ ಬಿಟ್ಟರು, ನನ್ನನ್ನೂ ಬಿಟ್ಟರು. ನಾನು ಮೆಟ್ಟಿಲಿಳಿದರೆ ಬಾಗಿಲು ಹಾಕಿಕೊಳ್ಳುವರು. "ಅಕಿ ಡಾಕ್ಟರ್ ಕಡೀಯಾಕಿ" ಎಂದು ವಾಡೆಯಲ್ಲೆಲ್ಲ ಹೇಳಿದರು. ಕಣ್ಣಿನ ಹಳದಿ ಅರ್ಧ ಇಳಿಯಿತು, ಹೊಟ್ಟೆಯ ನೀರು ಮತ್ತೆ ಏರಿತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಅವರೇ ನನ್ನನ್ನು ಬರಹೇಳಿದರು.

"ಪುಡೀ ಮಾತು ಅಕ್ಕಗ ಹೇಳಬ್ಯಾಡ" ಎಂದರು ನನ್ನ ಕೈ ಹಿಡಿದು. "ಅದರಿಂದನ ಹಿಂಗಾತು ಅಂತ ಡಾಕ್ಟರಗೂ ಖಾತ್ರಿ ಇಲ್ಲ. ಖಾತ್ರಿ ಇಲ್ಲದ್ದು ಅಕಿ ಎದಿ ಮ್ಯಾಲ ಯಾಕ ಹೊರಸೂದು?"

ಆಗಲಿ ಎಂದೆ. ಎರಡು ದಿನಕ್ಕೆ ಹೋಗಿಬಿಟ್ಟರು.

ದಿನಕರ್ಮಗಳು ಮುಗಿದ ಮಧ್ಯಾಹ್ನ ಗಂಗಕ್ಕ ನನ್ನ ಪಕ್ಕದಲ್ಲಿ ಬಂದು ಕೂತರು. ತಮ್ಮನ ಕಣ್ಣುಗಳೇ ಅವರವೂ. ಎದುರಿನವರನ್ನು ಅಳೆದು ನೋಡುವಂಥವು.

"ಖರೇ ಹೇಳವ್ವಾ, ನನ್ನ ಪುಡಿ ಏನರ ಬಾಧಿಸ್ತೇನು?"

"ಇಲ್ರೀ ಅತ್ತಿ. ರೋಗ ಮೊದಲಿನದ."

ಅವರು ಉಸಿರು ಬಿಟ್ಟರು. "ಬದುಕಿಸ್ದಿ ನೋಡು. ಊರಾಗ ನಮ್ಮ ಓಣ್ಯಾಗ ಬಾಳವ್ವಗೂ ಲಿವರ್ ಬ್ಯಾನಿ ಅದ. ಅಕಿಗೂ ಅದನ್ನ ಕೊಟ್ಟು ಬಂದೀನಿ. ಅಂಜಬ್ಯಾಡ, ತಗೋ ಅಂತ ಹೇಳ್ತೀನಿ."

 ಕಾಕಾಗೆ ಕೊಟ್ಟ ಮಾತಿಗೆ ಎರಡು ವಾರ ಕೂಡ ಆಗಿರಲಿಲ್ಲ. ಆದರೂ ಎಲ್ಲ ಹೇಳಿಬಿಟ್ಟೆ: ಕಣ್ಣು ಹಳದಿಯಾದದ್ದು, ಡಾಕ್ಟರಮ್ಮ ಅಂದದ್ದು, ಖಾತ್ರಿಯಿಲ್ಲ ಎಂಬುದನ್ನೂ, ಕಾಕಾ ಯಾಕೆ ಬೇಡವೆಂದರು ಎಂಬುದನ್ನೂ.

ಗಂಗಕ್ಕ ಸೆರಗಿನ ಗಂಟಿನಿಂದ ಫೋನು ತೆಗೆದು ನನ್ನ ಕೈಗಿಟ್ಟರು. "ಬಾಳವ್ವಗ ಹಚ್ಚು."

ಹಚ್ಚಿ ಕೊಟ್ಟೆ. "ಬಾಳವ್ವಾ, ಆ ಪುಡಿ ಇವತ್ತಿಂದ ಬಂದ್ ಮಾಡು. ದವಾಖಾನಿಗೆ ಹೋಗಿ ರಕ್ತ ತೋರಿಸ್ಕೋ. ಯಾಕ ಅಂದ್ರ... ನನ್ನ ತಮ್ಮ..."

ಮುಂದೆ ಅವರಿಗೆ ಆಗಲಿಲ್ಲ. ಫೋನು ಇಸಿದುಕೊಂಡು ಉಳಿದದ್ದನ್ನು ನಾನೇ ಹೇಳಿದೆ.